ಅರ್ಧ ಪಾಯಿಂಟ್‌ನ ಲೆಕ್ಕ

"ಉಸ್ತಾದ್, ಬರುವ ಆದಿತ್ಯವಾರ ಇವನಿಗೆ ಒಂದು ದಿನ ರಜೆ ಬೇಕಿತ್ತು. ಮಂಗಳೂರಿನಲ್ಲಿ ಚೆಸ್ ಉಂಟಂತೆ."

ನಮ್ಮ ಮದ್ರಸದ ಬಾಗಿಲಲ್ಲಿ ನಿಂತು ಒಬ್ಬ ಹುಡುಗನ ಉಮ್ಮ ಹೀಗೆ ಕೇಳಿದಾಗ ನಾವು ಕೂಡಲೇ ಹೂಂ ಅನ್ನಲಿಲ್ಲ. ಮದ್ರಸಕ್ಕೆ ಶುಕ್ರವಾರ ರಜೆ, ಶಾಲೆಗೆ ಆದಿತ್ಯವಾರ ರಜೆ. ಹಾಗಾಗಿ ಮದುವೆ ಇರಲಿ, ಕ್ರಿಕೆಟ್ ಇರಲಿ, ಶಾಲೆಯ ಟೂರ್ ಇರಲಿ, ಕಡೆಗೆ ತಪ್ಪುವುದು ಆದಿತ್ಯವಾರದ ಮದ್ರಸದ ಪಾಠವೇ. ಈಗ ಅದರ ಜೊತೆ ಚೆಸ್ ಕೂಡಾ ಸೇರಿತಲ್ಲ ಅಂತ ಅನಿಸಿತು.

ಹುಡುಗ ಉಮ್ಮನ ಹಿಂದೆ ಅಡಗಿ ನಿಂತಿದ್ದ. ಹನ್ನೊಂದು ವರ್ಷ. ಓದಿನಲ್ಲಿ ಸಾಧಾರಣ, ಆದರೆ ಕಂಠಪಾಠದಲ್ಲಿ ಗಟ್ಟಿ. ಒಮ್ಮೆ ಕೇಳಿದ ಪುಟ ಮರುದಿನ ತಪ್ಪಿಲ್ಲದೆ ಒಪ್ಪಿಸುತ್ತಾನೆ. ಈ ನೆನಪಿನ ಶಕ್ತಿ ಅವನಿಗೆ ಚೆಸ್‌ನಿಂದ ಬಂತೋ, ಅಥವಾ ಈ ಶಕ್ತಿ ಇರುವುದರಿಂದ ಚೆಸ್ ಹಿಡಿಯಿತೋ ನಮಗೆ ಗೊತ್ತಾಗಲಿಲ್ಲ. ಉಪ್ಪ ಸೌದಿಯಲ್ಲಿ ಒಂದು ಅಂಗಡಿಯಲ್ಲಿ ಇದ್ದಾರೆ. ಕರೆದುಕೊಂಡು ಹೋಗುವುದು ಮಾಮ.

"ಆಡಬಹುದಾ ಉಸ್ತಾದ್? ಮೊದಲು ಅದನ್ನು ಹೇಳಿ. ಮತ್ತೆ ರಜೆ ಕೊಡಿ, ಬಿಡಿ," ಅಂದರು ಆ ತಾಯಿ. ಪ್ರಶ್ನೆ ಸರಿಯಾಗಿತ್ತು. ನಮ್ಮ ಮನೆಗಳಲ್ಲಿ ಈಗ ಮೊಬೈಲ್‌ನಲ್ಲಾದರೂ ಚೆಸ್ ಆಡದ ಮಕ್ಕಳು ಕಡಿಮೆ. ಆದರೆ ಈ ಪ್ರಶ್ನೆಯನ್ನು ಬಾಯಿ ಬಿಟ್ಟು ಕೇಳುವವರು ಇನ್ನೂ ಕಡಿಮೆ. ಆದ್ದರಿಂದ ಮೊದಲು ಅದನ್ನೇ ಹೇಳಿಬಿಡುತ್ತೇವೆ.

ಕಿತಾಬುಗಳಲ್ಲಿ ಏನುಂಟು?

ಚೆಸ್ ಬಗ್ಗೆ ನಮ್ಮ ಉಲಮಾಗಳಲ್ಲಿ ಹಿಂದಿನಿಂದಲೂ ಭಿನ್ನಾಭಿಪ್ರಾಯ ಇದೆ. ಹನಫಿ, ಮಾಲಿಕಿ, ಹಂಬಲಿ ಮದ್‌ಹಬ್‌ಗಳ ಹೆಚ್ಚಿನ ವಿದ್ವಾಂಸರು ಇದನ್ನು ಕಟ್ಟುನಿಟ್ಟಾಗಿ ತಡೆಯುತ್ತಾರೆ. ಕರಾವಳಿಯ ಬ್ಯಾರಿಗಳಾದ ನಾವು ಹೆಚ್ಚಿನವರು ಅನುಸರಿಸುವ ಶಾಫಿಈ ಮದ್‌ಹಬ್‌ನಲ್ಲಿ ಇದು ಕರಾಹತ್, ಅಂದರೆ ಬಿಡುವುದು ಒಳ್ಳೆಯದು, ಆದರೆ ಆಡಿದವನು ಅದಷ್ಟರಿಂದಲೇ ಪಾಪಿ ಆಗುವುದಿಲ್ಲ. ಇಮಾಮ್ ನವವಿಯವರು ಎರಡು ಗೆರೆ ಎಳೆದಿದ್ದಾರೆ. ಪಣ ಇಟ್ಟು ಆಡಿದರೆ ಹರಾಂ. ಆಟದ ಗುಂಗಿನಲ್ಲಿ ನಮಾಝಿನ ಸಮಯ ದಾಟಿಸಿದರೆ ಹರಾಂ. ತಾಬಿಈಗಳಲ್ಲಿ ದೊಡ್ಡ ವಿದ್ವಾಂಸರಾದ ಸಈದ್ ಬಿನ್ ಜುಬೈರ್ ಅವರು ಹಲಗೆಗೆ ಬೆನ್ನು ಹಾಕಿ, ನೋಡದೆಯೇ ಆಡುತ್ತಿದ್ದರು ಎಂಬ ವರದಿಯೂ ಇಮಾಮ್ ಶಾಫಿಈಯವರಿಂದ ಬಂದಿದೆ.

ನಮ್ಮ ಕಾಲದಲ್ಲೂ ಇದು ಮುಗಿದ ಚರ್ಚೆ ಅಲ್ಲ. ಇರಾನಿನಲ್ಲಿ 1979ರ ಕ್ರಾಂತಿಯ ನಂತರ ಚೆಸ್ ನಿಷೇಧ ಆಗಿ, 1988ರಲ್ಲಿ ಮತ್ತೆ ಅನುಮತಿ ಸಿಕ್ಕಿತು. ಸೌದಿಯಲ್ಲಿ 2016ರಲ್ಲಿ ಗ್ರ್ಯಾಂಡ್ ಮುಫ್ತಿಯವರು ಚೆಸ್ ಸಲ್ಲದು ಅಂದದ್ದು ಪತ್ರಿಕೆಗಳಲ್ಲೆಲ್ಲ ಬಂತು. ಮರುವರ್ಷ, 2017ರ ಡಿಸೆಂಬರಿನಲ್ಲಿ, ಅದೇ ದೇಶದ ರಿಯಾದ್‌ನಲ್ಲಿ ವಿಶ್ವ ರ‍್ಯಾಪಿಡ್ ಚಾಂಪಿಯನ್‌ಶಿಪ್ ನಡೆಯಿತು. ಅದನ್ನು ಗೆದ್ದದ್ದು ನಮ್ಮ ದೇಶದ ವಿಶ್ವನಾಥನ್ ಆನಂದ್.

ನಾವು ಆ ತಾಯಿಗೆ ಹೇಳಿದ್ದು ಇಷ್ಟೇ: "ಪಣ ಇದೆಯಾ ಕೇಳಿ. ಮಕ್ಕಳಿಂದ ತೆಗೆದ ಎಂಟ್ರಿ ಫೀಸ್‌ನ ದುಡ್ಡನ್ನೇ ಗೆದ್ದವರಿಗೆ ಹಂಚುವುದಾದರೆ ಅದು ಜೂಜಿನ ಸಂಶಯಕ್ಕೆ ಹೋಗ್ತದೆ, ಬೇಡ. ನಮಾಝಿಗೆ ಜಾಗ, ಸಮಯ ಸಿಗ್ತದಾ ಕೇಳಿ. ಎರಡೂ ಸರಿ ಇದ್ದರೆ ಕಳಿಸಿ." ಮಾಮ ಫೋನ್ ಮಾಡಿ ಕೇಳಿದರು. ಹಣದ ಬಹುಮಾನ ಇಲ್ಲ, ಟ್ರೋಫಿ ಮಾತ್ರ, ಅದೂ ಒಬ್ಬ ದಾನಿಯದ್ದು. ಫೀಸ್ ಹಾಲ್‌ಗೆ, ಮಧ್ಯಾಹ್ನದ ಊಟಕ್ಕೆ. ನಮಾಝಿಗೆ ಒಂದು ಕ್ಲಾಸ್‌ರೂಮ್ ಬಿಟ್ಟುಕೊಡುತ್ತೇವೆ ಅಂದರಂತೆ. ಅಷ್ಟು ಕೇಳಿದ ಮೇಲೆ ನಾವೇ ಒಂದು ದಿನ ಜೊತೆಗೆ ಹೋಗಿ ನೋಡುವ ಅಂತ ತೀರ್ಮಾನ ಮಾಡಿದೆವು. ಫಿಕ್ಹ್ ಪಾಠ ಹೇಳುವವರಿಗೆ ಹಾಲ್‌ನ ಒಳಗೆ ಏನಾಗ್ತದೆ ಅಂತ ಗೊತ್ತಿರಬೇಕಲ್ಲ.

ಹಾಲ್‌ನ ಕಿಟಕಿಯಿಂದ

ಒಂದು ಶಾಲೆಯ ಸಭಾಂಗಣ. ಉದ್ದಕ್ಕೆ ಮೇಜುಗಳು, ಪ್ರತಿ ಮೇಜಿಗೆ ಒಂದು ಹಲಗೆ, ಒಂದು ಡಿಜಿಟಲ್ ಗಡಿಯಾರ. ನೂರಕ್ಕಿಂತ ಹೆಚ್ಚು ಮಕ್ಕಳು. ಹದಿಮೂರು ವರ್ಷದ ಒಳಗಿನವರ ವಿಭಾಗದಲ್ಲಿ ಆರು ಸುತ್ತು. ಒಬ್ಬರಿಗೆ ಹದಿನೈದು ನಿಮಿಷ, ಪ್ರತಿ ನಡೆಗೆ ಐದು ಸೆಕೆಂಡ್ ಸೇರ್ಪಡೆ. ಸೋತವರು ಹೊರಗೆ ಹೋಗುವ ಪದ್ಧತಿ ಇಲ್ಲಿ ಇಲ್ಲ. ಸ್ವಿಸ್ ಪದ್ಧತಿ ಅಂತ ಹೇಳ್ತಾರೆ, ಒಂದೇ ಅಂಕ ಇದ್ದವರಿಗೆ ಒಂದೇ ಅಂಕ ಇದ್ದವರನ್ನು ಜೋಡಿ ಮಾಡುತ್ತಾ ಹೋಗುತ್ತಾರೆ. ಗೆದ್ದರೆ ಒಂದು ಪಾಯಿಂಟ್, ಸೋತರೆ ಸೊನ್ನೆ, ಡ್ರಾ ಆದರೆ ಇಬ್ಬರಿಗೂ ಅರ್ಧರ್ಧ.

ಹೆತ್ತವರನ್ನು ಒಳಗೆ ಬಿಡುವುದಿಲ್ಲ. ಅದಕ್ಕೆ ಕಾರಣ ಸ್ವಲ್ಪ ಹೊತ್ತಿನಲ್ಲೇ ಗೊತ್ತಾಯಿತು. ಕಿಟಕಿಯ ಸರಳು ಹಿಡಿದು ನಿಂತ ಅಪ್ಪಂದಿರು, ಅಮ್ಮಂದಿರು ಮಕ್ಕಳಿಗಿಂತ ಹೆಚ್ಚು ಬೆವರುತ್ತಿದ್ದರು. ಒಬ್ಬರು ಮಗನ ಕಡೆ ಕಣ್ಣು ಹೊಡೆಯುವುದು, ಇನ್ನೊಬ್ಬರು ಕೆಮ್ಮುವುದು. ಆರ್ಬಿಟರ್ ಬಂದು ಎರಡು ಸಲ ಕಿಟಕಿ ಮುಚ್ಚಿಸಿದರು. ಹಾಲ್‌ನಿಂದ ಹೊರಗೆ ಬಂದ ಮಗುವಿಗೆ ಎಲ್ಲರೂ ಕೇಳುವುದು ಒಂದೇ ಮಾತು: "ಎಂತ ಆಯ್ತು?" ಊಟ ಆಯ್ತಾ, ನೀರು ಕುಡಿದೆಯಾ ಅಂತ ಕೇಳಿದವರು ಕಡಿಮೆ.

ನಮ್ಮ ಹುಡುಗ ಮೊದಲ ಮೂರು ಸುತ್ತಿನಲ್ಲಿ ಎರಡು ಗೆದ್ದ, ಒಂದು ಸೋತ. ಊಟದ ಬಿಡುವಿನಲ್ಲಿ ಲುಹರ್ ನಮಾಝ್ ಆಯಿತು. ಅವನು, ಬೇರೆ ಊರಿನ ಇಬ್ಬರು ಮಕ್ಕಳು, ಮಾಮ ಮತ್ತು ನಾವು. ಬೆಂಚು ಸರಿಸಿ, ಮಾಮನ ಲುಂಗಿ ಹಾಸಿ ಜಮಾಅತ್ ಮಾಡಿದೆವು. ಮತ್ತೆ ಎರಡು ಸುತ್ತು, ಎರಡೂ ಗೆದ್ದ. ಐದರಲ್ಲಿ ನಾಲ್ಕು. ಕೊನೆಯ ಸುತ್ತು ಗೆದ್ದರೆ ಐದು ಪಾಯಿಂಟ್, ಐದು ಆದರೆ ಮೊದಲ ಹತ್ತರೊಳಗೆ ಬರಬಹುದು, ಹತ್ತು ಜನರಿಗೆ ಟ್ರೋಫಿ ಅಂತ ಮಾಮ ಗೋಡೆಗೆ ಅಂಟಿಸಿದ ಪಟ್ಟಿ ನೋಡಿ ಲೆಕ್ಕ ಹಾಕಿದರು. ಅಸರ್ ಮುಗಿಸಿ ಹುಡುಗ ಒಳಗೆ ಹೋದ.

ಎದುರಿಗೆ ಕೂತದ್ದು ಒಂಬತ್ತು ವರ್ಷದ ಒಂದು ಹುಡುಗಿ. ಪುತ್ತೂರು ಕಡೆಯವಳು. ಕಾಲು ನೆಲಕ್ಕೆ ಮುಟ್ಟುತ್ತಿರಲಿಲ್ಲ. ಅವಳದ್ದೂ ನಾಲ್ಕು ಪಾಯಿಂಟ್.

ಮೂಲೆಯ ರಾಜ

ಆಟ ಉದ್ದಕ್ಕೆ ಹೋಯಿತು. ಅಕ್ಕಪಕ್ಕದ ಮೇಜುಗಳೆಲ್ಲ ಖಾಲಿ ಆದವು. ನಾವು ಕಿಟಕಿಯಿಂದ ನೋಡುವಾಗ ಹುಡುಗಿಯ ಹತ್ತಿರ ಉಳಿದದ್ದು ಒಂದು ಕಪ್ಪು ರಾಜ ಮಾತ್ರ. ನಮ್ಮ ಹುಡುಗ ಪಾನ್ ಒಂದನ್ನು ಕೊನೆಯ ಮನೆಗೆ ಮುಟ್ಟಿಸಿ ರಾಣಿ ಮಾಡಿಕೊಂಡಿದ್ದ. ಮಾಮ ಅಲ್ಲಾಹನ ಹೆಸರು ಹೇಳಿ ಉಸಿರು ಬಿಟ್ಟರು. "ಆಯ್ತು ಉಸ್ತಾದ್, ಗೆದ್ದ."

ನಮಗೆ ಹಲಗೆ ಸರಿಯಾಗಿ ಕಾಣುತ್ತಿರಲಿಲ್ಲ. ಕಂಡದ್ದು ಇಷ್ಟು. ಹುಡುಗ ರಾಣಿಯನ್ನು ಸರ್ರಂತ ಎತ್ತಿ ಇಟ್ಟು ಗಡಿಯಾರ ಒತ್ತಿದ. ಹುಡುಗಿ ಹಲಗೆಯನ್ನು ನೋಡಿದಳು, ರಾಜನನ್ನು ಮುಟ್ಟಲು ಕೈ ಚಾಚಿ ಹಿಂದೆ ತೆಗೆದಳು, ಮತ್ತೆ ನೋಡಿದಳು. ಕಣ್ಣು ಒರೆಸಿಕೊಂಡು, ಸೋತೆ ಅಂತ ಕೈ ಮುಂದೆ ಮಾಡಿದಳು. ನಮ್ಮ ಹುಡುಗನೂ ಕೈ ಕೊಡಲು ಹೊರಟವನು ನಿಂತ. ಹಲಗೆಯನ್ನೇ ನೋಡಿದ. ಆಮೇಲೆ ಕೈಯನ್ನು ಮೇಲೆ ಎತ್ತಿ ಆರ್ಬಿಟರನ್ನು ಕರೆದ.

ಅಲ್ಲಿ ಆದದ್ದನ್ನು ಆಮೇಲೆ ಆರ್ಬಿಟರೇ ನಮಗೆ ಹೇಳಿದರು. ಹುಡುಗ ಹೇಳಿದ್ದು ಒಂದೇ ಮಾತು: "ಸರ್, ಇದು ಮೇಟ್ ಅಲ್ಲ. ಸ್ಟೇಲ್‌ಮೇಟ್."

ಚೆಸ್ ಗೊತ್ತಿಲ್ಲದವರಿಗೆ ಇದನ್ನು ಬಿಡಿಸಿ ಹೇಳಬೇಕು. ರಾಜನಿಗೆ ಚೆಕ್ ಇದ್ದು, ತಪ್ಪಿಸಿಕೊಳ್ಳಲು ದಾರಿ ಇಲ್ಲದಿದ್ದರೆ ಅದು ಚೆಕ್‌ಮೇಟ್, ಅಂದರೆ ಸೋಲು. ಆದರೆ ರಾಜನಿಗೆ ಚೆಕ್ ಇಲ್ಲ, ಅವನು ಕೂತ ಮನೆಯಲ್ಲಿ ಅವನಿಗೆ ಅಪಾಯ ಇಲ್ಲ, ಆದರೆ ಎಲ್ಲಿಗೆ ಕಾಲಿಟ್ಟರೂ ಅಪಾಯ, ನಡೆಸಲು ಬೇರೆ ಕಾಯಿಯೂ ಇಲ್ಲ ಅಂತಾದರೆ ಅದು ಸ್ಟೇಲ್‌ಮೇಟ್. ಆಟ ಅದೇ ಕ್ಷಣಕ್ಕೆ ಮುಗಿಯಿತು, ಡ್ರಾ. ಒಬ್ಬನ ಹತ್ತಿರ ರಾಣಿ ಇದ್ದರೂ ಅಷ್ಟೇ, ಇಡೀ ಸೈನ್ಯ ಇದ್ದರೂ ಅಷ್ಟೇ. ಆಮೇಲೆ ಎದುರಾಳಿ ಸೋತೆ ಅಂದರೂ ಆ ಮಾತಿಗೆ ಬೆಲೆ ಇಲ್ಲ, ಯಾಕೆಂದರೆ ಆಟ ಅದರ ಮೊದಲೇ ಮುಗಿದಾಗಿದೆ.

ಆ ಹುಡುಗಿಯ ರಾಜ ಹಲಗೆಯ ಮೂಲೆಯಲ್ಲಿದ್ದ. ನಮ್ಮವನು ರಾಣಿಯನ್ನು ಇಟ್ಟದ್ದು ಅಲ್ಲಿಂದ ಕುದುರೆಯ ಒಂದು ನೆಗೆತದಷ್ಟು ದೂರದಲ್ಲಿ. ಮೂಲೆಯ ಸುತ್ತ ಇರುವ ಮೂರೂ ಮನೆಗೆ ರಾಣಿಯ ಕಾವಲು ಬಿತ್ತು, ಆದರೆ ಮೂಲೆಗೆ ಮಾತ್ರ ಬೀಳಲಿಲ್ಲ. ರಾಣಿ ಎಲ್ಲ ದಿಕ್ಕಿಗೂ ನೇರ ಹೋಗ್ತದೆ, ಕುದುರೆಯ ಹಾಗೆ ನೆಗೆಯುವುದಿಲ್ಲ. ಹೊಸತಾಗಿ ಕಲಿಯುವ ಮಕ್ಕಳು ಬೀಳುವ ಹಳೆಯ ಗುಂಡಿ ಇದು. ಅವನಿಗೂ ಗೊತ್ತಿತ್ತು. "ಟೈಮ್ ಇರ್ಲಿಲ್ಲ ಉಸ್ತಾದ್, ಕೈ ಹೋಯ್ತು," ಅಂದ.

ಆರ್ಬಿಟರ್ ಹಲಗೆ ನೋಡಿದರು, ಹೌದು ಅಂದರು, ಎರಡೂ ಹೆಸರಿನ ಎದುರು ಅರ್ಧ ಬರೆದರು. ಹುಡುಗಿಗೆ ಆದದ್ದು ಅರ್ಥ ಆಗಲು ಸ್ವಲ್ಪ ಹೊತ್ತು ಬೇಕಾಯಿತು. ನಮ್ಮ ಹುಡುಗನಿಗೆ ನಾಲ್ಕೂವರೆ. ಟ್ರೋಫಿ ಪಟ್ಟಿಯಲ್ಲಿ ಅವನ ಹೆಸರು ಬರಲಿಲ್ಲ. ಆ ಹುಡುಗಿಯ ಹೆಸರೂ ಬರಲಿಲ್ಲ.

"ನೀನ್ಯಾಕೆ ಹೇಳ್ಲಿಕ್ಕೆ ಹೋದದ್ದು?"

ಮೆಟ್ಟಿಲಲ್ಲೇ ಮಾಮ ಶುರು ಮಾಡಿದರು. "ಅವಳೇ ಸೋತೆ ಅಂತ ಕೈ ಕೊಟ್ಟಳು. ಆರ್ಬಿಟರ್ ಅಲ್ಲಿರ್ಲಿಲ್ಲ. ನಿನಗೆಂತ ಆಗಿತ್ತು ಮಾರಾಯ? ಕೈ ಕೊಟ್ಟು ಎದ್ದು ಬಂದಿದ್ದರೆ ಆಯ್ತಲ್ಲ? ಸುಳ್ಳು ಹೇಳು ಅಂತ ಯಾರು ಹೇಳಿದ್ದು? ಸುಮ್ಮನೆ ಇದ್ದರೆ ಸಾಕಿತ್ತು."

ಹುಡುಗ ತಲೆ ತಗ್ಗಿಸಿ ನಿಂತ. ಮಾಮ ನಮ್ಮ ಕಡೆ ತಿರುಗಿದರು. "ಅಲ್ವಾ ಉಸ್ತಾದ್?"

ಇಲ್ಲಿ ನಾವು ಒಂದು ವಿಷಯ ಒಪ್ಪಿಕೊಳ್ಳಬೇಕು. ನಾವು ಹತ್ತಿಪ್ಪತ್ತು ವರ್ಷಗಳಿಂದ ಮಕ್ಕಳಿಗೆ ಸಿದ್ಕ್, ಅಮಾನತ್ ಅಂತ ಪಾಠ ಹೇಳಿದವರು. ಆದರೂ ಆ ಮೆಟ್ಟಿಲಲ್ಲಿ ನಮ್ಮ ಮನಸ್ಸಿಗೆ ಮೊದಲು ಬಂದದ್ದು ಮಾಮನ ಮಾತೇ. ಬೆಳಿಗ್ಗೆ ಆರು ಗಂಟೆಯ ಬಸ್ಸು, ಮದ್ರಸಕ್ಕೆ ರಜೆ, ಮೇಲೆ ಫೀಸ್. ಮರುದಿನ ಮದ್ರಸದಲ್ಲಿ ಟ್ರೋಫಿ ಎತ್ತಿ ತೋರಿಸಿ, ನಮ್ಮ ಹುಡುಗ ಅಂತ ಹೇಳುವ ಆಸೆ ನಮಗೂ ಇತ್ತು. ಆ ಕ್ಷಣ ನಮಗೆ ಉತ್ತರ ಬರಲಿಲ್ಲ. "ಮಗ್ರಿಬ್‌ಗೆ ಮೊದಲು ಊರು ಮುಟ್ಟುವ, ಬನ್ನಿ," ಅಂತ ಮಾತು ತಪ್ಪಿಸಿದೆವು. ಇದನ್ನು ಬರೆಯುವುದು ಯಾಕೆಂದರೆ, ಅಲ್ಲಿದ್ದ ದೊಡ್ಡವರು ಇಬ್ಬರೂ ತೂಗಿ ನೋಡುತ್ತಿದ್ದಾಗ ಆ ಸಣ್ಣವನ ಲೆಕ್ಕ ಮಾತ್ರ ಮುಗಿದಾಗಿತ್ತು.

ಬಸ್ಸಿನಲ್ಲಿ ನಮ್ಮ ಪಕ್ಕ ಕೂತವನಲ್ಲಿ ಮೆಲ್ಲ ಕೇಳಿದೆವು. "ಮೋನೇ, ಯಾಕೆ ಹೇಳಿದ್ದು?" ಕುರ್‌ಆನ್, ಹದೀಸ್ ಏನಾದರೂ ಹೇಳ್ತಾನೆ ಅಂತ ನಾವು ಕಾದೆವು. ಅವನು ಕಿಟಕಿಯ ಹೊರಗೆ ನೋಡುತ್ತಾ ಹೇಳಿದ: "ಅವಳಿಗೆ ಗೊತ್ತಿರ್ಲಿಲ್ಲ ಉಸ್ತಾದ್. ನನಗೆ ಗೊತ್ತಿತ್ತಲ್ಲ."

ಬಾಗ್ದಾದಿನಲ್ಲಾಗಿದ್ದರೆ

ಮನೆಗೆ ಬಂದ ಮೇಲೆ ಈ ಸ್ಟೇಲ್‌ಮೇಟ್ ಎಂಬ ನಿಯಮದ ಬಗ್ಗೆ ಸ್ವಲ್ಪ ಹುಡುಕಿ ಓದಿದೆವು. ವಿಷಯ ತುಂಬಾ ಇದೆ.

ಈ ಆಟ ಹುಟ್ಟಿದ್ದು ನಮ್ಮ ದೇಶದಲ್ಲಿ, ಚತುರಂಗ ಅಂತ. ಆನೆ, ಕುದುರೆ, ರಥ, ಕಾಲಾಳು ಎಂಬ ನಾಲ್ಕು ಅಂಗದ ಸೈನ್ಯ. ಇಲ್ಲಿಂದ ಪರ್ಷಿಯಾಕ್ಕೆ ಹೋಗಿ ಚತ್ರಂಗ್ ಆಯಿತು, ಅರಬರ ಬಾಯಲ್ಲಿ ಶತ್ರಂಜ್ ಆಯಿತು. ಅಬ್ಬಾಸಿ ಖಲೀಫರ ಕಾಲದ ಬಾಗ್ದಾದಿನಲ್ಲಿ ಇದಕ್ಕೆ ದೊಡ್ಡ ದೊಡ್ಡ ಉಸ್ತಾದರಿದ್ದರು. ಒಂಬತ್ತನೇ ಶತಮಾನದ ಅಲ್ ಅದ್ಲಿ ಈ ಆಟದ ಬಗ್ಗೆ ಕಿತಾಬ್ ಬರೆದರು. ಅವರ ನಂತರ ಬಂದ ಅಸ್ಸೂಲಿ ಒಂದು ಸಮಸ್ಯೆಯನ್ನು ಬಿಟ್ಟು ಹೋದರು, ಅದನ್ನು ಬಿಡಿಸಲು ಜನರಿಗೆ ಸಾವಿರ ವರ್ಷಕ್ಕಿಂತ ಹೆಚ್ಚು ಬೇಕಾಯಿತು. ಇಂದು ಮಕ್ಕಳು ಹೇಳುವ ಚೆಕ್‌ಮೇಟ್ ಎಂಬ ಪದ ಶಾಹ್ ಮಾತ್ ಎಂಬುದರಿಂದ ಬಂದದ್ದು. ನಾವು ಆನೆ ಅನ್ನುವ ಕಾಯಿಗೆ ಇಂಗ್ಲಿಷಿನವರು ರೂಕ್ ಅನ್ನುವುದು ರುಖ್ ಎಂಬ ಹಳೆಯ ಪದದಿಂದ.

ಆ ಕಾಲದ ಶತ್ರಂಜ್‌ನಲ್ಲಿ ಎದುರಾಳಿಯ ರಾಜನಿಗೆ ನಡೆ ಇಲ್ಲದಂತೆ ಮಾಡಿದರೆ ಮಾಡಿದವನಿಗೆ ಗೆಲುವು. ಅಷ್ಟೇ ಅಲ್ಲ, ಎದುರಾಳಿಯ ಕಾಯಿಗಳನ್ನೆಲ್ಲ ತೆಗೆದು ರಾಜನನ್ನು ಒಂಟಿ ಮಾಡಿದರೂ ಗೆಲುವು. ಆದರೆ ಒಂಟಿಯಾದವನು ತನ್ನ ಮುಂದಿನ ನಡೆಯಲ್ಲೇ ಎದುರಿನವನನ್ನೂ ಒಂಟಿ ಮಾಡಿದರೆ ಸಮ. ಮದೀನಾದ ಕಡೆ ಇದಕ್ಕೂ ಬೇರೆ ಪದ್ಧತಿ, ಅಲ್ಲಿ ಮೊದಲು ಒಂಟಿ ಮಾಡಿದವನೇ ಗೆದ್ದ. ಇಂಗ್ಲೆಂಡಿನಲ್ಲಿ ಒಂದು ಕಾಲದಲ್ಲಿ ಇದಕ್ಕೆ ಪೂರ್ತಿ ತಿರುಗಾಮುರುಗ: ಸ್ಟೇಲ್‌ಮೇಟ್ ಮಾಡಿದವನೇ ಸೋತ! ಈಗಿನ ಹಾಗೆ ಅರ್ಧರ್ಧ ಎಂದು ಎಲ್ಲ ಕಡೆ ಗಟ್ಟಿಯಾದದ್ದು ಹತ್ತೊಂಬತ್ತನೇ ಶತಮಾನದಲ್ಲಿ.

ಅಂದರೆ ಸಾವಿರ ವರ್ಷದ ಹಿಂದೆ ಬಾಗ್ದಾದಿನಲ್ಲಿ ಕೂತು ಆಡಿದ್ದರೆ ನಮ್ಮ ಹುಡುಗ ಗೆದ್ದಿರುತ್ತಿದ್ದ. ಒಂದು ಸಲ ಅಲ್ಲ, ಎರಡು ಸಲ. ಇದನ್ನು ಹೇಳಿದಾಗ ಅವನು ಮೊದಲ ಸಲ ನಕ್ಕ. "ಹಾಗಾದ್ರೆ ಮಾಮನಿಗೆ ಹೇಳಿ ಉಸ್ತಾದ್," ಅಂದ. ನಿಯಮ ಊರಿಂದೂರಿಗೆ, ಕಾಲದಿಂದ ಕಾಲಕ್ಕೆ ಬದಲಾಗ್ತದೆ. ಆದರೆ ಕೂತ ಊರಿನ ನಿಯಮ ಒಪ್ಪಿ ಆಟಕ್ಕೆ ಕೂತ ಮೇಲೆ ಅದನ್ನು ಪಾಲಿಸುವುದು ಒಂದು ಕರಾರು. ಕರಾರು ಪಾಲಿಸುವುದು ಮಾತ್ರ ಎಲ್ಲ ಊರಿಗೂ, ಎಲ್ಲ ಕಾಲಕ್ಕೂ ಒಂದೇ.

ಡ್ರಾ ಅಂದರೆ ಸೋಲಾ?

ಮಾಮನ ಸಿಟ್ಟಿನ ಹಿಂದೆ ಇನ್ನೊಂದು ಮಾತಿತ್ತು. "ಡ್ರಾ ಮಾಡ್ಲಿಕ್ಕೆ ಅಷ್ಟು ದೂರ ಹೋಗ್ಬೇಕಾ?" ಹೆಚ್ಚಿನ ಹೆತ್ತವರ ಮನಸ್ಸಿನಲ್ಲೂ ಇದೇ ಇರುವುದು.

2024ರ ಡಿಸೆಂಬರಿನಲ್ಲಿ ಚೆನ್ನೈಯ ಗುಕೇಶ್ ಹದಿನೆಂಟನೇ ವಯಸ್ಸಿಗೆ ವಿಶ್ವ ಚಾಂಪಿಯನ್ ಆದದ್ದು ಎಲ್ಲರಿಗೂ ನೆನಪಿರಬಹುದು. ಸಿಂಗಾಪುರದಲ್ಲಿ ಚೀನಾದ ಡಿಂಗ್ ಲಿರೆನ್ ಜೊತೆ ಅವರು ಆಡಿದ್ದು 14 ಆಟ. ಅದರಲ್ಲಿ ಗೆದ್ದದ್ದು 3, ಸೋತದ್ದು 2. ಉಳಿದ 9 ಆಟವೂ ಡ್ರಾ. ಆ ಒಂಬತ್ತು ಅರ್ಧಗಳು ಇಲ್ಲದಿದ್ದರೆ ಏಳೂವರೆ ಪಾಯಿಂಟ್ ಆಗುತ್ತಿರಲಿಲ್ಲ, ಆ ಪಟ್ಟವೂ ಬರುತ್ತಿರಲಿಲ್ಲ.

ಇನ್ನೊಂದು ಪ್ರಕರಣ ಮಕ್ಕಳ ಟೂರ್ನಮೆಂಟಿನಿಂದಲೇ ಶುರುವಾದದ್ದು. 2002ರಲ್ಲಿ ಗ್ರೀಸಿನ ಹೆರಾಕ್ಲಿಯೋನ್‌ನಲ್ಲಿ ಹನ್ನೆರಡು ವರ್ಷದ ಒಳಗಿನವರ ವಿಶ್ವ ಚಾಂಪಿಯನ್‌ಶಿಪ್ ನಡೆಯಿತು. ಕೊನೆಗೆ ಇಬ್ಬರು ಹುಡುಗರ ಪಾಯಿಂಟ್ ಸಮ ಸಮ. ಒಬ್ಬ ನಾರ್ವೆಯ ಮ್ಯಾಗ್ನಸ್ ಕಾರ್ಲ್‌ಸನ್, ಇನ್ನೊಬ್ಬ ರಷ್ಯಾದ ಇಯಾನ್ ನೆಪೋಮ್ನಿಯಾಚಿ. ಟೈಬ್ರೇಕ್ ಲೆಕ್ಕದಲ್ಲಿ ಚಿನ್ನ ರಷ್ಯಾದ ಹುಡುಗನಿಗೆ ಹೋಯಿತು. ಅಂದು ಎರಡನೆಯವನಾದ ಕಾರ್ಲ್‌ಸನ್ ಮುಂದೆ ಐದು ಸಲ ವಿಶ್ವ ಚಾಂಪಿಯನ್ ಪಟ್ಟ ಗೆದ್ದರು. ಸಣ್ಣದರಲ್ಲಿ ಟೈಬ್ರೇಕಿನಲ್ಲಿ ಸಿಗದೆ ಹೋದ ಬಹುಮಾನದಿಂದ ಮಗುವಿನ ಬದುಕು ಮುಗಿಯುವುದಿಲ್ಲ ಅನ್ನಲಿಕ್ಕೆ ಇದಕ್ಕಿಂತ ದೊಡ್ಡ ಉದಾಹರಣೆ ಬೇಡ.

ಕತೆ ಅಲ್ಲಿಗೇ ನಿಲ್ಲಲಿಲ್ಲ. 22 ವರ್ಷ ಕಳೆದು, 2024ರ ಡಿಸೆಂಬರ್ 31ರಂದು ನ್ಯೂಯಾರ್ಕಿನಲ್ಲಿ ವಿಶ್ವ ಬ್ಲಿಟ್ಜ್ ಫೈನಲ್‌ನಲ್ಲಿ ಎದುರುಬದುರು ಕೂತದ್ದು ಇವರಿಬ್ಬರೇ. ಮೊದಲ ಎರಡು ಆಟ ಕಾರ್ಲ್‌ಸನ್‌ಗೆ, ಮತ್ತಿನ ಎರಡು ನೆಪೋಮ್ನಿಯಾಚಿಗೆ. ಆಮೇಲೆ ಒಂದರ ಮೇಲೆ ಒಂದು ಮೂರು ಡ್ರಾ. ಪಟ್ಟ ಹಂಚಿಕೊಳ್ಳುವ ಅಂತ ಕಾರ್ಲ್‌ಸನ್ ಕೇಳಿದರು, ಸಂಘಟಕರೂ ಒಪ್ಪಿದರು. ಆ ಚಾಂಪಿಯನ್‌ಶಿಪ್‌ನ ಚರಿತ್ರೆಯಲ್ಲಿ ಇಬ್ಬರು ಪಟ್ಟ ಹಂಚಿಕೊಂಡದ್ದು ಅದೇ ಮೊದಲು. ಕೆಲವರು ಹೊಗಳಿದರು. ಫೈನಲ್ ಅಂದರೆ ಒಬ್ಬ ಗೆಲ್ಲಲೇಬೇಕು, ಇದು ಸರಿಯಲ್ಲ ಅಂತ ಹಲವರು ಟೀಕಿಸಿದರು. ನಮಗೂ ಆ ಟೀಕೆಯಲ್ಲಿ ಹುರುಳು ಕಾಣುತ್ತದೆ. ಹೋರಾಡಿ ಬಂದ ಡ್ರಾ ಬೇರೆ, ಮಾತಾಡಿಕೊಂಡು ಮಾಡಿದ ಡ್ರಾ ಬೇರೆ.

ಇದನ್ನು ಹೆತ್ತವರು ಗಮನಿಸಬೇಕು. ಆಟದ ನಡುವೆ ಹಲಗೆ ನೋಡಿ, ಇಬ್ಬರಿಗೂ ಗೆಲುವು ಕಾಣದಿದ್ದರೆ ಡ್ರಾ ಕೇಳಲು ನಿಯಮದಲ್ಲೇ ಅವಕಾಶ ಉಂಟು. ಒಂದೇ ಸ್ಥಿತಿ ಮೂರು ಸಲ ಬಂದರೆ ಡ್ರಾ ಕೇಳಬಹುದು. ಪಾನ್ ನಡೆಯದೆ, ಕಾಯಿ ಹೊಡೆಯದೆ ಇಬ್ಬರದ್ದೂ 50 ನಡೆ ಆದರೂ ಕೇಳಬಹುದು. ಆದರೆ ಆಟಕ್ಕೆ ಕೂರುವ ಮೊದಲೇ, "ನಿನಗೂ ಬಹುಮಾನ ಬರ್ತದೆ, ನನಗೂ ಬರ್ತದೆ, ಡ್ರಾ ಮಾಡುವ" ಅಂತ ಹೊರಗೆ ಒಪ್ಪಂದ ಮಾಡಿಕೊಳ್ಳುವುದು ಮೂರನೆಯವನ ಹಕ್ಕು ಕಸಿಯುವ ಕೆಲಸ. ಮಕ್ಕಳಿಗೆ ಇಂಥ ಉಪಾಯ ಸಾಮಾನ್ಯವಾಗಿ ದೊಡ್ಡವರಿಂದಲೇ ಬರುವುದು.

ಒದ್ದೆ ಧಾನ್ಯ

ಮರುದಿನ ಬೆಳಿಗ್ಗೆ ಮದ್ರಸದಲ್ಲಿ ನಾವು ಬಾಯಿ ತೆರೆಯುವ ಮೊದಲೇ ಸುದ್ದಿ ಹಬ್ಬಿತ್ತು. ಮಕ್ಕಳಲ್ಲಿ ಎರಡು ಪಕ್ಷ. ಒಬ್ಬ ಎದ್ದು ನಿಂತು ಕೇಳಿಯೇ ಬಿಟ್ಟ: "ಉಸ್ತಾದ್, ಅವಳೇ ಸೋತೆ ಅಂದದ್ದು. ಇವನು ಏನೂ ಹೇಳದೆ ಇದ್ದಿದ್ದರೆ ಅದು ಸುಳ್ಳಾಗ್ತಿತ್ತಾ? ಬಾಯಿಯೇ ತೆರೀಲಿಲ್ಲ ಅಲ್ವಾ?"

ಅದೇ ಮಾಮನ ಪ್ರಶ್ನೆ. ರಾತ್ರಿಯಿಡೀ ನಮ್ಮನ್ನು ಕೊರೆದ ಪ್ರಶ್ನೆಯೂ ಅದೇ. ಆ ಹೊತ್ತಿಗೆ ಉತ್ತರ ಸಿಕ್ಕಿತ್ತು. ಸಹೀಹ್ ಮುಸ್ಲಿಮಿನಲ್ಲಿರುವ ಆ ಘಟನೆಯನ್ನು ಮಕ್ಕಳಿಗೆ ಹೇಳಿದೆವು. ಪ್ರವಾದಿ (ಸ.ಅ.) ಅವರು ಸಂತೆಯಲ್ಲಿ ಹೋಗುವಾಗ ಒಬ್ಬ ವ್ಯಾಪಾರಿಯ ಧಾನ್ಯದ ರಾಶಿಯೊಳಗೆ ಕೈ ಹಾಕಿದರು. ಮೇಲೆ ಒಣಗಿದ ಧಾನ್ಯ, ಒಳಗೆ ಬೆರಳಿಗೆ ಒದ್ದೆ ತಾಗಿತು. ಮಳೆ ಬಿದ್ದದ್ದು ಅಂತ ಅವನು ಹೇಳಿದ. ಹಾಗಾದರೆ ಜನರಿಗೆ ಕಾಣುವ ಹಾಗೆ ಅದನ್ನು ಮೇಲೆ ಯಾಕೆ ಇಡಲಿಲ್ಲ ಅಂತ ಅವರು ಕೇಳಿದರು, ವಂಚಿಸುವವನು ನಮ್ಮವನಲ್ಲ ಎಂಬ ಎಚ್ಚರಿಕೆ ಕೊಟ್ಟರು.

"ಈಗ ಹೇಳಿ," ಅಂದೆವು, "ಆ ವ್ಯಾಪಾರಿ ಒಣಗಿದ್ದು ಅಂತ ಬಾಯಿ ಬಿಟ್ಟು ಹೇಳಿದ್ದನಾ? ಇಲ್ಲ. ಸುಮ್ಮನಿದ್ದ. ತನಗೆ ಗೊತ್ತಿದ್ದದ್ದು ಎದುರಿನವನಿಗೆ ಗೊತ್ತಿಲ್ಲ ಅಂತ ಗೊತ್ತಿದ್ದೂ ಸುಮ್ಮನಿದ್ದ. ಅಷ್ಟೇ ಅವನ ತಪ್ಪು."

ಕ್ಲಾಸ್ ಸ್ವಲ್ಪ ಹೊತ್ತು ಸುಮ್ಮನಾಯಿತು. ಪ್ರಶ್ನೆ ಕೇಳಿದವನು ಕೂತ.

ನಮ್ಮ ಸಮುದಾಯದ ಹೆಸರಿನಲ್ಲೇ ಒಂದು ನೆನಪು ಉಂಟು. ಬ್ಯಾರಿ ಎಂಬುದು ತುಳುವಿನ ಬ್ಯಾರ, ಅಂದರೆ ವ್ಯಾಪಾರ ಎಂಬ ಪದದಿಂದ ಬಂತು ಎಂಬುದು ಹೆಚ್ಚಿನವರು ಒಪ್ಪಿದ ಮಾತು. ವ್ಯಾಪಾರ ಮಾಡಿ ಬದುಕಿದ ಜನ ನಾವು. ಮೀನು, ಅಡಿಕೆ, ಬಟ್ಟೆ, ಗುಜರಿ, ಈಗ ಗಲ್ಫ್‌ನ ಅಂಗಡಿ. ತಕ್ಕಡಿ ಹಿಡಿಯುವವನಿಗೆ ಅರ್ಧದ ಬೆಲೆ ಏನು ಅಂತ ಹೇಳಿಕೊಡಬೇಕಾಗಿಲ್ಲ. ಅಳತೆ ತೂಕದಲ್ಲಿ ತಾನು ಪಡೆಯುವಾಗ ಪೂರ್ತಿ ತೆಗೆದುಕೊಂಡು, ಕೊಡುವಾಗ ಕಡಿಮೆ ಮಾಡುವವರ ವಿಷಯದಿಂದಲೇ ಆರಂಭವಾಗುವ ಒಂದು ಅಧ್ಯಾಯ ಕುರ್‌ಆನಿನಲ್ಲಿದೆ, 83ನೆಯ ಅಲ್ ಮುತಫ್ಫಿಫೀನ್. ಆ ಹುಡುಗಿಗೆ ಸೇರಬೇಕಾದ ಅರ್ಧ ಪಾಯಿಂಟನ್ನು ನಮ್ಮವನು ತಕ್ಕಡಿಯಿಂದ ಎತ್ತಿ ತನ್ನ ಕಡೆ ಹಾಕಿಕೊಳ್ಳಲಿಲ್ಲ. ಇದನ್ನು ದೊಡ್ಡ ತ್ಯಾಗ ಅಂತ ನಾವು ಹೇಳುವುದಿಲ್ಲ. ತನ್ನದಲ್ಲದ್ದನ್ನು ತೆಗೆದುಕೊಳ್ಳಲಿಲ್ಲ, ಅಷ್ಟೇ. ಆದರೆ ಅಷ್ಟು ಮಾಡುವುದೇ ಎಷ್ಟು ಕಷ್ಟ ಅಂತ ಆ ಮೆಟ್ಟಿಲಲ್ಲಿ ನಮಗೆ ಗೊತ್ತಾಗಿದೆ.

ಆ ದಿನ ರಾತ್ರಿ ಹುಡುಗನ ಉಪ್ಪ ಸೌದಿಯಿಂದ ವೀಡಿಯೊ ಕಾಲ್ ಮಾಡಿದರಂತೆ. ಮೊದಲ ಪ್ರಶ್ನೆ ಎಲ್ಲ ಉಪ್ಪಂದಿರದ್ದೇ: "ಎಷ್ಟನೇ ಸ್ಥಾನ?" ಮಾಮ ಆದದ್ದನ್ನು ಸಿಟ್ಟಿನಿಂದಲೇ ಹೇಳಿದರು. ಆ ಕಡೆ ಸ್ವಲ್ಪ ಹೊತ್ತು ಮಾತಿಲ್ಲ. ಮತ್ತೆ ಅವರು ಹೇಳಿದ್ದನ್ನು ಉಮ್ಮ ಮರುದಿನ ನಮಗೆ ತಿಳಿಸಿದರು: "ನಾನು ಇಲ್ಲಿ ಕ್ಯಾಶ್‌ನಲ್ಲಿ ಕೂತವನು. ಹತ್ತು ಹಲಲ ಹೆಚ್ಚು ಬಂದ್ರೂ ಬರೆದಿಡ್ಬೇಕು. ಅವನು ಮಾಡಿದ್ದೂ ಅದೇ ಅಲ್ವಾ? ಅವನಿಗೆ ಬಯ್ಬೇಡಿ." ಮಾಮ ಆಮೇಲೆ ಏನೂ ಹೇಳಲಿಲ್ಲ. ಎರಡು ದಿನ ಕಳೆದು ಹುಡುಗನಿಗೆ ಒಂದು ಹೊಸ ಚೆಸ್ ಹಲಗೆ ತಂದುಕೊಟ್ಟರು. ಮಡಚುವಂಥದ್ದು.

ಕಳಿಸುವ ಮೊದಲು

ನಮ್ಮ ಮಕ್ಕಳು ಚೆಸ್‌ಗೆ ಹೊಸಬರಲ್ಲ. ಪಂಜಾಬಿನ ಮೀರ್ ಸುಲ್ತಾನ್ ಖಾನ್ ಒಬ್ಬ ಜಮೀನ್ದಾರರ ಪರಿವಾರದಲ್ಲಿ ಇಂಗ್ಲೆಂಡಿಗೆ ಹೋಗಿ 1929, 1932, 1933ರಲ್ಲಿ ಮೂರು ಸಲ ಬ್ರಿಟಿಷ್ ಚಾಂಪಿಯನ್ ಆದರು, ಕಾಪಾಬ್ಲಾಂಕಾರಂಥ ಮಾಜಿ ವಿಶ್ವ ಚಾಂಪಿಯನ್ನನ್ನೂ ಸೋಲಿಸಿದರು. ಅವರಿಗೆ ಗೌರವ ಗ್ರ್ಯಾಂಡ್‌ಮಾಸ್ಟರ್ ಬಿರುದು ಸಿಕ್ಕಿದ್ದು ತೀರಿಕೊಂಡು ಎಷ್ಟೋ ವರ್ಷಗಳಾದ ಮೇಲೆ, 2024ರಲ್ಲಿ. ಭೋಪಾಲದ ಮುಹಮ್ಮದ್ ರಫೀಕ್ ಖಾನ್ ಬಡಗಿ ಕೆಲಸ ಮಾಡುತ್ತಿದ್ದವರು. 1976ರಲ್ಲಿ ರಾಷ್ಟ್ರೀಯ ಚಾಂಪಿಯನ್ ಆದರು, 1980ರ ಮಾಲ್ಟಾ ಒಲಿಂಪಿಯಾಡ್‌ನಲ್ಲಿ ವೈಯಕ್ತಿಕ ಬೆಳ್ಳಿ ಪದಕ ತಂದರು. ನಮ್ಮ ರಾಜ್ಯಕ್ಕೆ ಮೊದಲ ಗ್ರ್ಯಾಂಡ್‌ಮಾಸ್ಟರ್ ಸಿಕ್ಕಿದ್ದು 2017ರಲ್ಲಿ, ಮೈಸೂರಿನ ಎಂ.ಎಸ್. ತೇಜ್‌ಕುಮಾರ್. ದಾರಿ ಉಂಟು. ಆದರೆ ಎಲ್ಲ ಮಕ್ಕಳೂ ಆ ದಾರಿಯ ಕೊನೆಗೆ ಮುಟ್ಟುವುದಿಲ್ಲ, ಮುಟ್ಟಬೇಕಾಗಿಯೂ ಇಲ್ಲ.

ಕಳಿಸುವ ಮನೆಯವರಿಗೆ ನಮ್ಮದು ನಾಲ್ಕು ಮಾತು. ಬಹುಮಾನದ ದುಡ್ಡು ಎಲ್ಲಿಂದ ಅಂತ ಕೇಳಿ, ಸಂಶಯ ಇದ್ದರೆ ನಿಮ್ಮ ಊರಿನ ಖತೀಬರಲ್ಲಿ ವಿಚಾರಿಸಿ. ನಮಾಝಿನ ಸಮಯದ ಬಗ್ಗೆ ಆಯೋಜಕರಿಗೆ ಮೊದಲೇ ತಿಳಿಸಿ, ಮರ್ಯಾದೆಯಿಂದ ಕೇಳಿದರೆ ಅನುಕೂಲ ಮಾಡಿಕೊಡುವವರು ಇದ್ದಾರೆ. ಮೊಬೈಲ್‌ನಲ್ಲಿ ರಾತ್ರಿ ಹನ್ನೆರಡರ ತನಕ ಆಡುವ ಚೆಸ್‌ಗೆ ಕಡಿವಾಣ ಹಾಕಿ, ಅದರಿಂದ ಸುಬಹ್ ತಪ್ಪುವುದಾದರೆ ಆಗಲೇ ಹೇಳಿದ ಗೆರೆ ದಾಟಿದ ಹಾಗೆ. ಮತ್ತೆ, ಮಗು ಹಾಲ್‌ನಿಂದ ಹೊರಗೆ ಬಂದಾಗ ಮೊದಲು ನೀರು ಕೊಡಿ. ಫಲಿತಾಂಶ ಗೋಡೆಯಲ್ಲಿ ಹೇಗೂ ಅಂಟಿಸುತ್ತಾರೆ.

ಮೊನ್ನೆ ಆ ತಾಯಿ ಪುನಃ ಬಂದಿದ್ದರು. "ಉಸ್ತಾದ್, ಮುಂದಿನ ತಿಂಗಳು ಇನ್ನೊಂದು ಉಂಟಂತೆ." ಶನಿವಾರದ ಪಾಠ ತಪ್ಪಿಲ್ಲದೆ ಒಪ್ಪಿಸಿದರೆ ಆದಿತ್ಯವಾರ ರಜೆ ಅಂತ ನಾವು ಷರತ್ತು ಹಾಕಿದ್ದೇವೆ. ಹುಡುಗ ಈಗಿಂದಲೇ ಒಪ್ಪಿಸಲು ಶುರು ಮಾಡಿದ್ದಾನೆ. ಮಧ್ಯೆ ಸಮಯ ಸಿಕ್ಕಿದಾಗ ಸಣ್ಣ ಕ್ಲಾಸಿನ ಮಕ್ಕಳನ್ನು ಕೂರಿಸಿ, ಆ ಮಡಚುವ ಹಲಗೆ ಬಿಡಿಸಿ, ತನ್ನ ತಪ್ಪನ್ನೇ ಪಾಠ ಮಾಡುತ್ತಾನೆ. ರಾಜ ಮೂಲೆಯಲ್ಲಿದ್ದಾಗ ರಾಣಿಯನ್ನು ಕುದುರೆ ನೆಗೆತದಷ್ಟು ದೂರದಲ್ಲಿ ಇಡಬಾರದು. ನಮಗೂ ಅದು ಈಗ ಬಾಯಿಪಾಠ ಆಗಿದೆ.